ಗಂಡಸರ ಡಾಕ್ಟರು ಬರುವ ತನಕ

ಕಲಬುರಗಿಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೊಂದಕ್ಕೆ ವೈದ್ಯರನ್ನು ಹುಡುಕಿ ತರುವುದು ಸುಮಂಗಲಾಳ ಕೆಲಸ. ಗಂಡಸರ ತೊಂದರೆಗಳನ್ನೇ ನೋಡುವ ಮೂತ್ರರೋಗ ತಜ್ಞರ ಹುದ್ದೆ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಬೇರೆ ಹುದ್ದೆಗಳಿಗೆ ಜಾಹೀರಾತು ಕೊಟ್ಟು ಸುಮ್ಮನಾಗುತ್ತಿದ್ದವಳು ಇದಕ್ಕೆ ಮಾತ್ರ ಹರಕೆ ಹೊತ್ತವಳ ಹಾಗೆ ಊರೂರಿಗೆ ಫೋನು ಹಚ್ಚುತ್ತಿದ್ದಳು.

ಕಾರಣ ಕಮಲಾಪುರದ ಗಂಡನ ಮನೆಯಲ್ಲಿತ್ತು. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಲೇಡಿ ಡಾಕ್ಟರು, ‘ನಿಂದೇನೂ ದೋಷ ಇಲ್ಲವ್ವ, ಗಂಡನ್ನ ತೋರಸು’ ಅಂದಿದ್ದರು. ಅತ್ತೆ ಮಲ್ಕಮ್ಮನ ಕಿವಿಗೆ ಅದು ಬೀಳಲೇ ಇಲ್ಲ. ಬಸುರಿಯರ ಉಡಿ ತುಂಬುವಾಗ ಸೊಸೆಯನ್ನು ಅಡುಗೆಮನೆಗೆ ಅಟ್ಟುತ್ತಿದ್ದಳು. ಇನ್ನು ಗಂಡ ಧರ್ಮರಾಜ, ಮಹಾ ಜಾಣ. ಹೈದರಾಬಾದಿಗೆ ಹೋಗೋಣವೆಂದರೆ ಹೊಲದ ನೆಪ. ‘ನಿಮ್ಮ ದವಾಖಾನಿಗಿ ಗಂಡಸರ ಡಾಕ್ಟರ್ ಬರ್ಲಿ, ಅವತ್ತೇ ತೋರಸ್ತೀನಿ’ ಅಂದಿದ್ದ. ಯಾರೂ ಬರುವುದಿಲ್ಲವೆಂಬ ಧೈರ್ಯ ಅವನಿಗೆ.

ಆದರೆ ಸೊಲ್ಲಾಪುರದ ಡಾಕ್ಟರ್ ವೇದವ್ಯಾಸ, ಹೆಂಡತಿಗೆ ಊರು ಹಿಡಿಸಿದರೆ ಬರುತ್ತೇನೆಂದರು. ಸುಮಂಗಲಾ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮನೆ ಹುಡುಕಿ, ಕಮಲಾಪುರದ ಕೆಂಪು ಬಾಳೆಹಣ್ಣು ಮುಂದಿಟ್ಟು ಇಬ್ಬರನ್ನೂ ಒಪ್ಪಿಸಿದಳು. ಹಳೆಯ ಆಸ್ಪತ್ರೆ ಬಿಡಲು ಮೂರು ತಿಂಗಳ ನೋಟಿಸ್ ಕೊಡಬೇಕಿತ್ತು, ಅಷ್ಟೇ.

ಆ ಮೂರು ತಿಂಗಳೇ ಅವಳ ಸಂಸಾರವನ್ನು ನುಂಗಿತು. ಕೊಟ್ಟ ಮಾತಿಗೆ ಧರ್ಮರಾಜ ಬೆದರಿದ; ಮಲ್ಕಮ್ಮ ಹಿರಿಯರನ್ನು ಕೂಡಿಸಿ, ‘ಬಂಜಿನ್ನ ಎಷ್ಟು ದಿನ ಇಟ್ಕೊಳ್ಳೂದು?’ ಅಂದಳು.

‘ಡಾಕ್ಟರ್ ಬರ್ಲಾಕತ್ತಾರ್ರಿ, ಒಂದೀಟು ತಾಳ್ರಿ’ ಎಂದು ಸುಮಂಗಲಾ ಕೈಮುಗಿದಳು. ಧರ್ಮರಾಜ ನೆಲ ನೋಡುತ್ತ ಕೂತ. ಹಿರಿಯರು ಗಂಡ-ಹೆಂಡತಿಗೆ ಬಿಡುಗಡೆ ಮಾಡಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೊಸ ಡಾಕ್ಟರು ಕೂತ ಮೊದಲ ದಿನ ವ್ಯವಸ್ಥೆ ನೋಡಲು ಬಂದ ಸುಮಂಗಲಾ ಬಾಗಿಲಲ್ಲೇ ನಿಂತುಬಿಟ್ಟಳು. ಸಾಲಿನಲ್ಲಿ ಧರ್ಮರಾಜ ಇದ್ದ.

‘ಹೊಸ ಬೀಗರು ಶರತ್ತು ಹಾಕ್ಯಾರ’ ಅಂದ. ‘ತಪಾಸಣಿ ಮಾಡಿಸಿದ ಮ್ಯಾಲೇ ಹೆಣ್ಣು ಕೊಡ್ತಾರಂತ.’

ಪರೀಕ್ಷೆ, ಸ್ಕ್ಯಾನು ಎಲ್ಲ ಮುಗಿಸಿ ಸಂಜೆಗೆ ಹೊರಬಂದವನು ಅವಳ ಹತ್ತಿರ ಬಂದು ದನಿ ತಗ್ಗಿಸಿದ. ‘ದೋಷ ನಂದೇ ಅದಂತ. ಸಣ್ಣ ಆಪರೇಶನ್, ಸರಿ ಆಗ್ತದಂತ. ಊರಾಗ ಯಾರಿಗೂ ಹೇಳಬ್ಯಾಡ.’

ಏಳು ವರ್ಷ ಅವನ ಬಾಯಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಅವಳ ಎದೆ ಒಡೆದುಹೋಯಿತು.

‘ನನ್ನ ಸಲುವಾಗಿ ಒಂದ್ಸಲರ ಬರಬೇಕಿತ್ತಲ್ರಿ’ ಅಂದಳು.

ಅವನು ರಿಪೋರ್ಟು ಮಡಚಿ ಜೇಬಿಗಿಟ್ಟುಕೊಂಡು ನಡೆದುಬಿಟ್ಟ. ಒಳಗಿನಿಂದ ಡಾಕ್ಟರು ಮುಂದಿನವರನ್ನು ಕಳಿಸಲು ಹೇಳಿದರು. ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಹೆಸರು ಕೂಗಿದಳು. ಎದ್ದ ಗಂಡಸು ಹೆಂಡತಿಯನ್ನು ಕರೆದುಕೊಂಡೇ ಒಳಗೆ ಹೋದ.