ಆಕಳ ಹೊಟ್ಟೆಯೊಳಗಿನ ಗಂಟು

"ಬೊಗಳಲೇ ಸೂಳೆಮಗನ, ಏನ್ ಹಾಕಿದಿ ಮೇವಿನ್ಯಾಗ?"

ಜಂಬನಗೌಡ ಹಗ್ಗವನ್ನು ದನ ಕುಡಿಯುವ ಬಾನಿಯಲ್ಲಿ ಅದ್ದಿ ಮತ್ತೆ ಎತ್ತಿದ. ಅವನ ಮನೆಯ ಮುಂದಿನ ಲೈಟಿನ ಕಂಬಕ್ಕೆ ಕಟ್ಟಿದ್ದವನು ನನ್ನ ಮಗ ಉಚ್ಚೆಂಗೆಪ್ಪ. ಆರು ವರ್ಷದಿಂದ ಗೌಡನ ದನ ಕಾಯುತ್ತಿದ್ದ. ಅಂದು ಬೆಳಿಗ್ಗೆ ಗೌಡನ ಬಿಳಿ ಆಕಳು ಸತ್ತಿತ್ತು.

"ಏನೂ ಹಾಕಿಲ್ರಿ ಗೌಡ್ರ. ನಾಕು ದಿನದಿಂದ ಹೊಟ್ಟಿ ಉಬ್ಬಿತ್ತು. ನಿಮಗ ಹೇಳಿದ್ನಲ್ರಿ."

"ನೀ ಏನು ದನದ ಡಾಕ್ಟ್ರೇನಲೇ? ಚರ್ಮದ ಆಸಿಗೆ ವಿಷ ಹಾಕೀರಿ. ನಿಮ್ಮ ಜಾತಿ ಬುದ್ಧಿ ಎಲ್ಲಿ ಹೋಗ್ತೈತಿ."

ಹಗ್ಗ ಬಿತ್ತು. ನಾನು ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು ದೂರದಲ್ಲಿ ನಿಂತಿದ್ದೆ.

ಆಕಳು ಏಕೆ ಉಬ್ಬಿತೆಂದು ನಮ್ಮ ಕೇರಿಗೆಲ್ಲ ಗೊತ್ತಿತ್ತು. ಗೌಡನ ಮಗ ಹೊಸಪೇಟೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿದ್ದ. ಗಿರಾಕಿಗಳೇ ಬುಟ್ಟಿ ಹಿಡಿದು ಬೇಕಾದದ್ದನ್ನು ಆರಿಸಿಕೊಳ್ಳುವ ಅಂಗಡಿ. ಅಲ್ಲಿಗೆ ಸಮುದ್ರದ ಆಚೆಯಿಂದ ಸೇಬು ಬರುತ್ತಿತ್ತು. ಒಂದೊಂದು ಹಣ್ಣಿಗೂ ಕೂಸಿನ ಕುಲಾವಿಯ ಹಾಗೆ ಬಿಳಿ ಸ್ಪಂಜಿನ ಬಲೆ. ನಮ್ಮ ಕಾಲುವೆಯ ನೀರಲ್ಲಿ ಬೆಳೆದ ಬಾಳೆಹಣ್ಣಿಗೂ ಅಲ್ಲಿ ಪ್ಲಾಸ್ಟಿಕ್ ಸುತ್ತುತ್ತಿದ್ದರು. ಬಾಳೆಗೊನೆ ಒಯ್ದ ಟ್ರ್ಯಾಕ್ಟರ್ ಬರುವಾಗ ಕೊಳೆತ ಹಣ್ಣು, ಬಲೆ, ಚೀಲಗಳನ್ನು ಹೇರಿಕೊಂಡು ಬಂದು ಕೇರಿಯ ಪಕ್ಕದ ಕಾಲುವೆ ದಂಡೆಗೆ ಸುರುವುತ್ತಿತ್ತು. ಅದರ ಕೆಳಗೇ ನಮ್ಮ ಹೆಂಗಸರು ಕುಡಿಯುವ ನೀರು ತುಂಬುತ್ತಿದ್ದರು. ಹಣ್ಣಿನ ಸಿಹಿಗೆ ದನಗಳು ಚೀಲ ಸಮೇತ ನುಂಗುತ್ತಿದ್ದವು.

ಮಗ ಇದನ್ನೂ ಹೇಳಿದ್ದ. "ಊರ ಮುಂದ ಸುರುವ್ಲೇನಲೇ? ನಿಮ್ಮ ಕೇರಿಗೆ ಇದೊಂದು ಹೆಚ್ಚಾತೇನು?" ಎಂದು ಗೌಡ ನಕ್ಕಿದ್ದ.

ನಾನು ಎರಡು ಹೆಜ್ಜೆ ಮುಂದೆ ಬಂದು ಕೈಮುಗಿದೆ.

"ಗೌಡ್ರ, ಹೊಟ್ಟಿ ಕೊಯ್ಸಿ ನೋಡ್ರಿ. ವಿಷ ಇದ್ರ ನನ್ನೂ ಕಟ್ರಿ."

ಕಟ್ಟೆಯ ಮೇಲಿದ್ದ ಮಠದ ಅಯ್ಯ ಎದ್ದು ನಿಂತ. "ಗೋಮಾತಿ ಹೊಟ್ಟಿಗೆ ಕತ್ತಿ ಹಾಕ್ಸಂತೀಯಾ? ನಿನ್ನ ನಾಲಿಗಿ ಸೇದ್ಹೋಗ."

"ಬಾಯಿ ಚಪಲ ಬಿಟ್ಟಿಲ್ಲ ನನಮಕ್ಕಳಿಗೆ," ಎಂದ ಗೌಡ. "ಇಭೂತಿ ಹಚ್ಚಿ ಮಣ್ಣು ಮಾಡ್ತೀವಿ. ತಾಯಪ್ಪಾ, ತ್ವಾಟದಾಗ ಕುಣಿ ತೋಡು ನಡಿ. ಸಂಜಿಗೆ ಪೊಲೀಸ್ರು ಬರ್ತಾರ, ನಿನ್ನ ಮಗಂದು ಅವ್ರು ನೋಡ್ಕಂತಾರ."

ನಾನು ಕುಣಿ ತೋಡಿದೆ. ಸೊಸೆ ಹೊಳೆಮ್ಮ ಮಣ್ಣು ಹೊತ್ತು ಹಾಕಿದಳು. ಟ್ರ್ಯಾಕ್ಟರ್ ಆಕಳನ್ನು ತಂದು ಕುಣಿಯ ಪಕ್ಕ ಇಳಿಸಿತು. ಅಯ್ಯ ದೂರದಿಂದಲೇ ಇಭೂತಿ ಎರಚಿ, ಕರ್ಪೂರ ಬೆಳಗಿ, ಮಣ್ಣು ಮುಚ್ಚುವುದನ್ನು ನಮಗೆ ಬಿಟ್ಟು ಗೌಡನ ಮನೆಗೆ ಉಣ್ಣಲು ಹೋದ.

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಕೇರಿಯವರೆಲ್ಲ ಹುಲಿಗೆಮ್ಮನ ಭಂಡಾರ ಮುಟ್ಟಿ ಆಣೆ ಮಾಡಿದ್ದೆವು: ಇನ್ನು ಸತ್ತ ದನ ಎಳೆಯುವುದಿಲ್ಲ, ಕೊಯ್ಯುವುದಿಲ್ಲ. ಅದಕ್ಕಾಗಿ ಒಂದು ಬೇಸಿಗೆ ಪೂರ್ತಿ ಊರವರು ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಹಸಿದೆವು, ಆಣೆ ಬಿಡಲಿಲ್ಲ. ಅಪ್ಪನ ಕತ್ತಿಯನ್ನು ನಾನೇ ಮನೆಯ ಸೂರಿನಲ್ಲಿ ಸಿಕ್ಕಿಸಿದ್ದೆ.

"ಹೊಳೆವ್ವಾ, ಸೂರಿನ್ಯಾಗಿನ ಕತ್ತಿ ತಗಂಬಾ."

ಅವಳು ನನ್ನ ಮುಖ ನೋಡಿದಳು. "ಆಣಿ, ಮಾವ?"

"ತಾಯಿಗೆ ನಾ ಹೇಳ್ಕಂತೀನಿ. ನೀ ಜಲ್ದಿ ಬಾ."

ಕತ್ತಿ ತುಕ್ಕು ಹಿಡಿದಿತ್ತು. ಕಲ್ಲಿಗೆ ಮಸೆದೆ. ತಾಯಿ, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು ಎಡಪಕ್ಕೆಗೆ ಹಾಕಿದೆ. ಕೈ ಏನನ್ನೂ ಮರೆತಿರಲಿಲ್ಲ. ದೊಡ್ಡ ಹೊಟ್ಟೆ ಬಿಚ್ಚಿದಾಗ ಮೇವು ಒಂದು ಹಿಡಿಯೂ ಇರಲಿಲ್ಲ. ಹೊಸೆದ ಹಗ್ಗದ ಹಾಗೆ ಬಿಗಿದುಕೊಂಡ ಚೀಲಗಳು, ಚೀಲಗಳೊಳಗೆ ಬಿಳಿ ಬಲೆಗಳು, ಎರಡು ಕೊಡದಷ್ಟು ದಪ್ಪದ ಒಂದೇ ಗಂಟು. ಎರಡೂ ಕೈಯಿಂದ ಎಳೆದು ಹೊರಗೆ ತೆಗೆದೆ.

ಹೊಳೆಮ್ಮ ಸಾಕ್ಷರತಾ ಶಾಲೆಯಲ್ಲಿ ಓದಲು ಕಲಿತಿದ್ದಳು. ಒಂದು ಚೀಲದ ಹೊಲಸು ಒರೆಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಮೇಲೆ ಗೌಡನ ಮಗನ ಅಂಗಡಿಯ ಹೆಸರು. ಅದರ ಕೆಳಗೆ ಹಸಿರು ಅಕ್ಷರದಲ್ಲಿ "ಪರಿಸರ ಉಳಿಸಿ".

ಬುಟ್ಟಿಯಲ್ಲಿ ಹೊತ್ತು ಕಂಬದ ಹತ್ತಿರ ತಂದು ಸುರುವಿದೆ. ಮಗನ ತಲೆ ಎದೆಗೆ ಬಿದ್ದಿತ್ತು. ಕಣ್ಣು ತೆರೆದು ಗಂಟನ್ನು ನೋಡಿದ.

"ಅದನ್ನ ಒಗೀಬ್ಯಾಡಪ್ಪಾ, ಇಟ್ಕ," ಎಂದ.

ಗೌಡ ಚೀಲದ ಮೇಲಿನ ಹೆಸರನ್ನು ಓದಿದ. ಆಮೇಲೆ ನನ್ನ ಕೈ ನೋಡಿದ. ಮೊಣಕೈ ತನಕ ರಕ್ತವಿತ್ತು.

"ನೋಡ್ರಿ ಅಯ್ಯಾರ, ಪೂಜಿ ಮಾಡಿದ ಆಕಳಾ ಕೊಯ್ದು ಬಂದಾನ."

ಉಂಡು ಹೊರಗೆ ಬಂದ ಅಯ್ಯ ಶಿವ ಶಿವ ಎಂದು ಧೋತರ ಎತ್ತಿಕೊಂಡು ಹಿಂದೆ ಸರಿದ.

ಸಂಜೆ ಜೀಪು ಬಂತು. ವಿಷದ ಮಾತನ್ನು ಯಾರೂ ಎತ್ತಲಿಲ್ಲ; ಮಗನನ್ನು ಕಂಬದಿಂದ ಬಿಚ್ಚಿ ಬಿಟ್ಟರು. ಆಕಳನ್ನು ಕೊಯ್ದೆನೆಂದು ನನ್ನ ಮೇಲೆ ಕೇಸು ಬರೆದುಕೊಂಡು ಒಯ್ದರು. ನಾನು ಒಳಗಿದ್ದಾಗ, ಐದನೆಯ ದಿನ, ಮಗ ರಕ್ತ ಕಾರಿ ತೀರಿಕೊಂಡ. ಅವನಿಗೆ ಒಂದು ಹಿಡಿ ಮಣ್ಣು ಹಾಕಲು ನಾನಿರಲಿಲ್ಲ. ಊರಿನಲ್ಲಿ ಈಗಲೂ ವಿಷ ಹಾಕಿದವನು ಎಂದೇ ಅವನ ಹೆಸರು.

ಹದಿನೆಂಟು ದಿನಕ್ಕೆ ಮನೆಗೆ ಬಂದೆ. ಹೊಳೆಮ್ಮ ಗಂಟನ್ನು ಅಂದು ರಾತ್ರಿಯೇ ಕಂಬದ ಬುಡದಿಂದ ಎತ್ತಿ ತಂದು, ತೊಳೆದು ಒಣಗಿಸಿ, ಗಂಡನ ಕಂಬಳಿಯಲ್ಲಿ ಕಟ್ಟಿಟ್ಟಿದ್ದಳು. ಹುಲಿಗೆಮ್ಮನಿಗೆ ತಪ್ಪುಕಾಯಿ ಒಡೆದು, ಮರುದಿನ ಇಬ್ಬರೂ ಬಸ್ಸು ಹತ್ತಿದೆವು.

ಅಂಗಡಿಯ ಗಾಜಿನ ಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದ.

"ಏಯ್, ಎಲ್ಲಿಗೆ?"

"ನಿಮ್ಮದ ಮಾಲು. ವಾಪಸ್ ಕೊಡಾಕ ಬಂದೀವಿ."

ಮಾಲು ಅಂದದ್ದಕ್ಕೆ ಅವನು ಬಾಗಿಲು ಬಿಟ್ಟ. ಒಳಗೆ ತಣ್ಣಗಿತ್ತು. ಸೇಬುಗಳು ಬಿಳಿ ಬಲೆ ಹಾಕಿಕೊಂಡು ಸಾಲಾಗಿ ಕುಳಿತಿದ್ದವು. ಗೌಡನ ಮಗ ಗಲ್ಲೆಯ ಹಿಂದಿನಿಂದ ಎದ್ದ. "ಯಾರ್ ಬಿಟ್ರಲೇ ಇವ್ರನ್ನ ಒಳಗ?" ಗಿರಾಕಿಗಳು ಮೂಗು ಮುಚ್ಚಿಕೊಂಡರು. ನಾನು ಕಂಬಳಿ ಬಿಚ್ಚಿ ಗಂಟನ್ನು ತಕ್ಕಡಿಯ ಮೇಲೆ ಇಟ್ಟೆ. ಮುಳ್ಳು ಓಡಿ, ನಡುಗಿ, ನಿಂತಿತು.

"ಎಷ್ಟೈತಿ ಓದ್ರಿ," ಎಂದೆ.

ಗಿರಾಕಿಗಳು ಹಿಂದೆ ಸರಿದರು. ಹೊಳೆಮ್ಮ ಬಗ್ಗಿ ನೋಡಿದಳು.

"ಹದಿನಾಕು ಕೇಜಿ, ಮಾವ."

"ಇನ್ನೊಮ್ಮಿ ಓದವ್ವ. ಎಲ್ಲರಿಗೂ ಕೇಳ್ಲಿ."

ಅವಳು ಮತ್ತೆ ಓದಿದಳು. ಬಳೆಯಿಲ್ಲದ ಕೈಯಿಂದ ತಕ್ಕಡಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಗೌಡನ ಮಗ ಫೋನು ಎತ್ತಿದ. ನಾವು ಆ ನುಣ್ಣನೆಯ ನೆಲದ ಮೇಲೆ, ತಕ್ಕಡಿಯ ಮುಂದೆ ಕುಳಿತೆವು.