ಹೊತ್ತು ಕಂತುವಾಗ ಒತ್ತಿದ ಕೀಲಿ

"ನಿಮ್ಮ ಮಾವನಿಗೆ ಮರೆವು ಶುರುವಾಗಿದೆ. ಅವರಿಗೂ ಹೇಳಿದ್ದೇನೆ. ಬೇರೆಯವರನ್ನು ಹುಡುಕುವ," ಎಂದು ರಿಷಭ್ ಫೋನಿನಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನನ್ನ ಜಿನರಾಜ ಮಾವ ಮೂಡುಬಿದಿರೆಯ ಬಸದಿಯೊಂದರ ತಾಳೆಯೋಲೆಗಳನ್ನು ಓದಿ ಕಂಪ್ಯೂಟರಿಗೆ ಏರಿಸುವವರು. ಆ ಹಳೆಯ ಲಿಪಿಯನ್ನು ತಡವರಿಸದೆ ಓದಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಕೆಲಸ ವಹಿಸಿದ ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಈ ರಿಷಭ್.

ಮಾವ ಬರೆದದ್ದು ಕೆಲವು ದಿನ ಫೈಲಿನಲ್ಲಿ ಇರುತ್ತಿರಲಿಲ್ಲ. ಅದೇ ಓಲೆಯನ್ನು ಮತ್ತೆ ಬಿಚ್ಚಿ ಮತ್ತೆ ಬರೆಯುತ್ತಿದ್ದರು. ಬಿಚ್ಚಿದಾಗಲೆಲ್ಲ ಅದರ ಅಂಚು ಪುಡಿಯಾಗುತ್ತಿತ್ತು.

"ಬರೆದೆ ಅಂತ ಅನಿಸ್ತದೆ ತನ್ವಿ, ನೋಡಿದ್ರೆ ಇಲ್ಲ," ಎಂದರು ಮಾವ, ನಾನು ಫೋನ್ ಮಾಡಿದಾಗ. "ತಲೆ ಹೋಯ್ತು ನನ್ನದು. ನಾಳೆಯಿಂದ ಬರುವುದಿಲ್ಲ ಅಂತ ಹೇಳಿಬಿಡ್ತೇನೆ."

ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ರಜೆ ಹಾಕಿ, ಹಲ್ಲು ಕಡಿಯುತ್ತಲೇ ವೇಣೂರು ದಾರಿಯ ಮೂಡುಬಿದಿರೆ ಬಸ್ಸು ಹತ್ತಿದೆ.

ಬಸದಿಯ ಕೋಣೆಯಲ್ಲಿ ಮಾವ ಬರೆಯುವುದನ್ನು ಹಿಂದೆ ಕುಳಿತು ನೋಡಿದೆ. ಚಳಿಗಾಲ, ಬಿಸಿಲು ಬೇಗ ಜಾರಿತು. ಪಕ್ಕದಲ್ಲೇ ಇರುವ ಮಾವನ ಮನೆಯಿಂದ ಪುಷ್ಪಾವತಿ ಅತ್ತೆ, "ಹೊತ್ತು ಕಂತುತ್ತದೆ, ಊಟಕ್ಕೆ ಬನ್ನಿ," ಎಂದು ಕರೆದರು. ಹೊತ್ತು ಮುಳುಗಿದ ಮೇಲೆ ಮಾವ ತುತ್ತು ಮುಟ್ಟುವವರಲ್ಲ. ಎಸ್ಕೇಪ್ ಒತ್ತಿ, ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿದರು. ಬರಹ ಮಾಯವಾಗಿ ಕಪ್ಪು ಪರದೆಯಲ್ಲಿ ಮುಂದಿನ ಆಜ್ಞೆಗೆ ಕಾಯುವ ಡಾಲರ್ ಗುರುತು ಉಳಿಯಿತು. ಪರದೆ ಆರಿಸಿ ಎದ್ದರು.

"ಸೇವ್ ಮಾಡ್ಲಿಲ್ವಾ ಮಾವ?"

"ಪುರುಸೊತ್ತು ಉಂಟಾದ್ರೆ ಸೇವ್ ಮಾಡಿ ಮುಚ್ಚುತ್ತೇನೆ. ಅವಸರಕ್ಕೆ ಹೀಗೆ. ರಿಷಭ್ ಹೀಗೇ ಹೊರಗೆ ಬರ್ತಾನೆ, ನೋಡಿದ್ದೇನೆ. ಬರೆದದ್ದು ತಾನೇ ಉಳಿಯುತ್ತದಲ್ಲ?"

ಲಿನಕ್ಸಿನ ಈ ಕಪ್ಪು ಪರದೆಯಲ್ಲಿ ಅದು ಮುಚ್ಚುವ ಕೀಲಿಯೇ ಅಲ್ಲ, ಕೆಲಸವನ್ನು ಇದ್ದಲ್ಲೇ ತಡೆದು ನಿಲ್ಲಿಸುವ ಕೀಲಿ. ನಿಲ್ಲಿಸಿದ್ದನ್ನು ಮತ್ತೆ ಕರೆಯುವ ಬಗೆಯನ್ನು ರಿಷಭ್ ಇವರಿಗೆ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಮರುದಿನ ಮಾವ ಸೇವ್ ಆಗದ ಹಳೆಯ ಫೈಲನ್ನೇ ಹೊಸದಾಗಿ ತೆರೆಯುತ್ತಿದ್ದರು. ಒಂದೇ ಫೈಲನ್ನು ಎರಡು ಸಲ ತೆರೆದರೆ, ಬರೆಯುವ ತಂತ್ರಾಂಶ ಎಡಿಟರ್ ಎಚ್ಚರಿಸಬೇಕಿತ್ತು. ಸೆಟ್ಟಿಂಗ್ ತೆರೆದು ನೋಡಿದರೆ ಆ ಎಚ್ಚರಿಕೆಯನ್ನೂ ತೆಗೆದುಹಾಕಿದ್ದ ಪುಣ್ಯಾತ್ಮ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.

ಅವನಿಗೆ ಫೋನ್ ಮಾಡಿದೆ.

"ಆ ಮೆಸೇಜ್ ನೋಡಿ ಪ್ರಾಯದವರು ಹೆದರ್ತಾರೆ ಅಂತ ತೆಗೆದೆ," ಎಂದ. "ಒಮ್ಮೆ ಆಫ್ ಮಾಡಿ ಆನ್ ಮಾಡಿ, ಸರಿಯಾಗ್ತದೆ."

"ಆಫ್ ಮಾಡಿದ್ರೆ ಅಷ್ಟೂ ಹೋಗ್ತದೆ ಮಾರಾಯ. ಸುಮ್ಮನೆ ಲೈನಿನಲ್ಲಿ ಇರು."

ಇನ್ವರ್ಟರಿನ ದಯೆಯಿಂದ ಆ ಕಂಪ್ಯೂಟರ್ ಈವರೆಗೆ ಆರಿರಲಿಲ್ಲ. ಡಾಲರ್ ಗುರುತಿನ ಮುಂದೆ ಜಾಬ್ಸ್ ಎಂಬ ಆಜ್ಞೆ ಬರೆದು ಎಂಟರ್ ಒತ್ತಿದೆ. ನಿಲ್ಲಿಸಿಟ್ಟ ಕೆಲಸಗಳೆಲ್ಲ ಒಂದರ ಕೆಳಗೊಂದು ಬಂದವು. ಒಂದೊಂದನ್ನೇ ಮುಂದಕ್ಕೆ ಕರೆದು ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿದೆ. ಅದೇ ಓಲೆ, ಮತ್ತೆ ಮತ್ತೆ.

ಊಟ ಮುಗಿಸಿ ಬಂದ ಮಾವ ಪರದೆಗೆ ಬಗ್ಗಿದರು. ಎಲ್ಲಕ್ಕಿಂತ ಮೊದಲು ಬರೆದದ್ದರ ಕೊನೆಯ ಪದದ ಮೇಲೆ ಬೆರಳಿಟ್ಟರು.

"ಈ ಪದ ಇಲ್ಲಿ ಉಂಟು. ಈಗ ಓಲೆಯಲ್ಲಿ ಇಲ್ಲ, ಉದುರಿಹೋಗಿದೆ. ಇವತ್ತು ಈ ಜಾಗ ಖಾಲಿ ಬಿಟ್ಟಿದ್ದೆ." ಆ ಪದದ ಮೇಲಿಂದ ಬೆರಳು ತೆಗೆಯದೆ, "ಹಾಗಾದ್ರೆ ನಾನು ಬರೆದಿದ್ದೆ," ಎಂದರು.

ರಿಷಭ್ ಎಚ್ಚರಿಕೆ ತೆಗೆದದ್ದನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ಹೇಳಿ, ನಾನು ಫೋನನ್ನು ಅವರ ಕೈಗೆ ಕೊಟ್ಟೆ.

"ರಿಷಭ್, ನಾಳೆಯೂ ಬರ್ತೇನೆ. ಆ ಎಚ್ಚರಿಕೆಯನ್ನು ತಿರುಗಿ ಹಾಕು," ಎಂದರು ಮಾವ. "ಅದಕ್ಕೆಲ್ಲ ಹೆದರುವವನಲ್ಲ ನಾನು. ಮರೆವು ಅಂದೆಯಲ್ಲ, ಅದಕ್ಕೆ ಹೆದರಿದ್ದೆ."