ನಡುಗದ ನೆಲ

ಯಾರೋ ನಡೆದರು. ನೆಲ ಸಣ್ಣಗೆ ಅದುರಿತು, ಕಿಟಕಿ ಚೌಕಟ್ಟಿನ ಮೇಲಿದ್ದ ಜಿಗಿಜೇಡ ಗಕ್ಕನೆ ತಿರುಗಿತು. ಬಾಲಸುಬ್ರಹ್ಮಣ್ಯ ಅಲ್ಲಿಯವರೆಗೆ ತೆಗೆದ ಫೋಟೋಗಳೆಲ್ಲ ಹಾಳಾದವು.

"ನಡೀಬೇಡ ಅಂದ್ನಲ್ಲ," ಎಂದ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಹೆಂಡತಿ ಚಿತ್ರಾ ನಿಂತಳು. ಅವಳ ಕೈಯಲ್ಲಿ ಸೂಟ್‌ಕೇಸ್ ಇತ್ತು.

ಅಕ್ಕಿಕಾಳಿನಷ್ಟು ಜೇಡವನ್ನು ಪೂರ್ತಿ ಸ್ಪಷ್ಟವಾಗಿ ಹಿಡಿಯಲು ಒಂದು ಫೋಟೋ ಸಾಲದು. ಕಣ್ಣಿಗೊಂದು, ಕಾಲಿಗೊಂದು, ಬೆನ್ನಿನ ರೋಮಕ್ಕೊಂದು ಎಂದು ಕೂದಲೆಳೆಯಷ್ಟೇ ಮುಂದೆ ಸರಿಯುತ್ತ ಹತ್ತಾರು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಬೇಕು. ನಡುವೆ ನೆಲ ಅದುರಿತೋ, ಜೇಡಕ್ಕೆ ಇಲ್ಲದ ಕಾಲುಗಳೆಲ್ಲ ಮೂಡುತ್ತವೆ. ಒಸಾಕಾದ ಈ ಹಳೆಯ ಮರದ ಕಟ್ಟಡದಲ್ಲಿ ನೆಲ ಅದುರಲು ಕೆಮ್ಮಿದರೂ ಸಾಕು. ಹಾಗಾಗಿ ಈ ಪುಣ್ಯಾತ್ಮ, ಹೆಂಡತಿಗೂ ಪುಟ್ಟ ಮಗಳು ನಿಶಾಳಿಗೂ ತುದಿಗಾಲಲ್ಲಿ ನಡೆಯುವುದನ್ನು, ಬಾಗಿಲನ್ನು ಸದ್ದಿಲ್ಲದೆ ಎಳೆಯುವುದನ್ನು ಕಲಿಸಿದ್ದ. ಕಲಿತಿದ್ದರು, ಪಾಪ.

ಇವತ್ತೇ ಯಾಕೆ ಅದುರಬೇಕು? ಬೇಕೆಂದೇ ಮಾಡುತ್ತಿದ್ದಾಳೆ ಅನ್ನಿಸಿತು.

ಚಿತ್ರಾಳಿಗೆ ಟೋಕಿಯೊದಲ್ಲಿ ಕೆಲಸ ಸಿಕ್ಕಿತ್ತು, ಅದರ ಪಕ್ಕದ ಉರಯಾಸುವಿನಲ್ಲಿ ಮನೆ. ಹೊರಡುವುದು ಇವತ್ತೇ, ಮಧ್ಯಾಹ್ನದ ರೈಲಿಗೆ. ಮೂರು ಟಿಕೆಟ್ ತಂದಿಟ್ಟು, ನೀನು ಬರುತ್ತೀಯೋ ಇಲ್ಲವೋ ಎಂದು ವಾರಗಟ್ಟಲೆ ಕೇಳಿದ್ದಳು. ಯೂನಿವರ್ಸಿಟಿಯಲ್ಲಿ ಅವನ ಸಂಶೋಧನೆಯ ಅವಧಿ ಮಾರ್ಚಿಗೇ ಮುಗಿದಿತ್ತು. ಒಸಾಕಾದಲ್ಲಿ ಅವನನ್ನು ಹಿಡಿದಿಡುವಂಥದ್ದು ಏನೂ ಉಳಿದಿರಲಿಲ್ಲ. ಅವನಿಗೆ ಅದೇ ಅನುಮಾನ. ಎಲ್ಲ ಇಷ್ಟು ಸಲೀಸಾಗಿ ಹೇಗೆ ಕೂಡಿಬಂತು? ಕೆಲಸದ ಸುದ್ದಿ ಕೊಟ್ಟವನು ಅವಳ ಹಳೆಯ ಸಹೋದ್ಯೋಗಿ ಉದಯ್. ಮನೆ ಹುಡುಕಿದವನೂ ಉದಯ್. ಮೂರನೆಯ ಟಿಕೆಟ್ ಬರೀ ತೋರಿಕೆಗೆ. ನಾಳೆ ನಾಲ್ಕು ಜನ ಕೇಳಿದರೆ, ನಾನು ಕರೆದಿದ್ದೆ, ಅವನೇ ಬರಲಿಲ್ಲ ಅನ್ನಲಿಕ್ಕೆ.

ಈಚೆಗೆ ಮನೆಯಲ್ಲಿ ಜೇಡಗಳೂ ಕಡಿಮೆಯಾಗಿದ್ದವು. ವ್ಯಾಕ್ಯೂಮ್ ಹಾಕಿದೆಯಾ ಎಂದು ಕೇಳಿದ್ದ. ಪ್ಯಾಕ್ ಮಾಡಲು ಕಪಾಟು ಸರಿಸಿದೆ, ಹೆದರಿ ಓಡಿಹೋಗಿರಬೇಕು ಅಂದಿದ್ದಳು. ಅವಳು ಸ್ನಾನಕ್ಕೆ ಹೋದಾಗ ಇವನು ವ್ಯಾಕ್ಯೂಮಿನ ಚೀಲ ಬಿಚ್ಚಿ, ಧೂಳನ್ನೆಲ್ಲ ಪೇಪರಿನ ಮೇಲೆ ಸುರಿದು ಕೆದಕಿದ್ದ. ಕೂದಲು, ಒಂದು ಗುಂಡಿ, ಮಗಳ ರಬ್ಬರಿನ ಚೂರು. ಒಂದು ಜೇಡದ ಕಾಲೂ ಸಿಗಲಿಲ್ಲ. ಎಷ್ಟು ನಾಜೂಕಾಗಿ ಮಾಡಿದ್ದಾಳೆ ಅಂದುಕೊಂಡ.

"ಬಾಲು, ಟ್ಯಾಕ್ಸಿ ಬಂದಿದೆ," ಅಂದಳು ಚಿತ್ರಾ. "ಬರ್ತೀಯಾ? ಯೆಸ್ ಆರ್ ನೋ, ಏನಾದ್ರೂ ಒಂದ್ ಹೇಳ್ಬಿಡು. ನಂಗೇನೂ ಕೋಪ ಇಲ್ಲ."

ಕೋಪ ಇಲ್ಲವಂತೆ. ಅದರಲ್ಲೇ ಏನೋ ಇದೆ.

"ಫೈವ್ ಮಿನಿಟ್ಸ್. ಅಲ್ಲಾಡ್ಬೇಡ."

ನಿಶಾ ತುದಿಗಾಲಲ್ಲಿ ಬಂದು ಅವನ ಕಿವಿಯ ಬಳಿ ಪಿಸುಗುಟ್ಟಿದಳು. "ಪಪ್ಪಾ, ಇಕು?" ಹೋಗೋಣವಾ ಎಂದು ಕೇಳುವುದಕ್ಕೂ ಮಗುವಿಗೆ ಜಪಾನೀ ಮಾತೇ ಬೇಕು. ಯಾರು ಹೇಳಿಕಳಿಸಿದರೋ ಎಂದುಕೊಂಡು ಅವನು ತುಟಿಯ ಮೇಲೆ ಬೆರಳಿಟ್ಟ. ಮಗುವೂ ತನ್ನ ತುಟಿಯ ಮೇಲೆ ಬೆರಳಿಟ್ಟು ಹಿಂದೆ ಸರಿಯಿತು.

ಆಮೇಲೆ ನೆಲ ಅದುರಲಿಲ್ಲ. ಜೇಡ ತನ್ನೆರಡು ದೊಡ್ಡ ಕಣ್ಣುಗಳನ್ನು ಲೆನ್ಸಿಗೇ ನೆಟ್ಟು ಕೂತಿತು. ಅವನು ಉಸಿರು ಬಿಗಿಹಿಡಿದು ತೆಗೆದ, ಸರಿಸಿದ, ಮತ್ತೆ ತೆಗೆದ. ಬೆನ್ನ ಹಿಂದೆ ಅವರಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ ಎಂಬ ಯೋಚನೆಗೆ ಅವನ ಎದೆ ತುಂಬಿಬಂತು. ಎಷ್ಟೋ ತಿಂಗಳ ಮೇಲೆ ಅವರ ಮೇಲೆ ಪ್ರೀತಿ ಉಕ್ಕಿತು. ಹೋಗಿಬಿಡೋಣ, ಉರಯಾಸುವಿನಲ್ಲೂ ಗೋಡೆಗಳಿರುತ್ತವೆ, ಜೇಡಗಳಿರುತ್ತವೆ. ಕೊನೆಯ ಫೋಟೋ ತೆಗೆದ.

"ಬರ್ತೀನಿ," ಎಂದು ತಿರುಗಿದ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲನ್ನು ಒಂದಿಷ್ಟೂ ಸದ್ದಾಗದಂತೆ ಎಳೆದುಕೊಂಡು ಹೋಗಿದ್ದರು. ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ರೈಲು ಹೋಗಿ ಎಷ್ಟು ಹೊತ್ತಾಗಿತ್ತೋ. ಮೂರನೆಯ ಟಿಕೆಟ್ ಮೇಜಿನ ಮೇಲಿತ್ತು. ಬೇಕೆಂದೇ ಬಿಟ್ಟುಹೋಗಿದ್ದಾಳೆ ಅಂದುಕೊಂಡ.

ಅಭ್ಯಾಸಬಲದಿಂದ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಕೂಡಿಸಿದ. ಎಂಟು ಕಾಲು, ಒಂದೊಂದು ರೋಮವೂ ಬೇರೆಬೇರೆ. ಇಷ್ಟು ಚೊಕ್ಕ ಚಿತ್ರ ಅವನಿಗೆ ಈವರೆಗೆ ಸಿಕ್ಕಿರಲಿಲ್ಲ.

ಎದ್ದು ನಿಂತ. ನೆಲಕ್ಕೆ ಕಾಲು ಅಪ್ಪಳಿಸಿದ. ಕಿಟಕಿ ಗಾಜು ಗಡಗುಟ್ಟಿತು, ಜೇಡ ತಿರುಗಿ ಅವನನ್ನೇ ನೋಡಿತು. ಇನ್ನೊಮ್ಮೆ ಅಪ್ಪಳಿಸಿದ, ಇನ್ನೂ ಜೋರಾಗಿ. ಜೇಡ ನೂಲು ಬಿಟ್ಟುಕೊಂಡು ಕೆಳಗಿಳಿದು ಎಲ್ಲೋ ಮರೆಯಾಯಿತು. ಅವನು ನಿಲ್ಲಿಸಲಿಲ್ಲ.

ಆಗ ಕೆಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಕೆಳಮನೆಯಲ್ಲಿ ಒಬ್ಬಳೇ ಇರುವ ಮುದುಕಿ ಒಕಾದಾ-ಸಾನ್ ಪೊರಕೆಯ ಹಿಡಿಯಿಂದ ತನ್ನ ಸೂರನ್ನು ಕುಟ್ಟುತ್ತಿದ್ದಳು, ಗಲಾಟೆ ಸಾಕು ಎಂದು. ಓಡಿಹೋಗಿ ಬಗ್ಗಿ ಸುಮಿಮಾಸೆನ್, ತಪ್ಪಾಯಿತು, ಅನ್ನಬೇಕಾದ ಹೊತ್ತು.

ಅವನು ಮಂಡಿಯೂರಿದ. ಕಿವಿಯನ್ನು ನೆಲಕ್ಕೆ ಹಚ್ಚಿ, ಮುಷ್ಟಿಯಿಂದ ಮೆಲ್ಲಗೆ ಎರಡು ಸಲ ಕುಟ್ಟಿದ. ಕಾದ. ಕೆಳಗಿನಿಂದ ಏನೂ ಬರಲಿಲ್ಲ. ಮತ್ತೆ ಕುಟ್ಟಿದ.